ಜಪಾನಿನ ಉದಯವೂ ಕೊರಿಯದ ಅಸ್ತವೂ

ಒಂದು ರಾಷ್ಟ್ರವು ಪ್ರಬಲವಾದಾಗ ಅದರ ನೆರೆಹೊರೆಯ ವ್ಯವಸ್ಥೆಯೆಲ್ಲವೂ ಬದಲಾಗುವುದು. ಇದಕ್ಕೆ ಜಪಾನಿನ ಚರಿತ್ರೆಯು ಒಳ್ಳೆಯ ನಿದರ್ಶನ.

1868ರಲ್ಲಿ ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಆಡಳಿತವು ಸ್ಥಾಪಿತವಾದ ಮೇಲೆ ಜಪಾನೀಯರು ಪಾಶ್ಚಾತ್ಯರ ವಿದ್ಯೆಯನ್ನೂ ಯುದ್ಧತಂತ್ರವನ್ನೂ ಶ್ರದ್ಧೆಯಿಂದ ಕಲಿತರು. 1895ರಲ್ಲಿ ಅವರು ಚೀನವನ್ನು ಸೋಲಿಸಿ ಲಿಯಾವೋಡಾಂಗ್ ಪರ್ಯಾಯದ್ವೀಪವನ್ನು ಪಡೆದರು. ಆದರೆ ರಷ್ಯ, ಫ್ರಾನ್ಸ್, ಜರ್ಮನಿಗಳು ಒಟ್ಟುಗೂಡಿ ಅದನ್ನು ಹಿಂದಿರುಗಿಸುವಂತೆ ಮಾಡಿದುವು. ಮೂರು ವರ್ಷಗಳಲ್ಲಿಯೇ ಅಲ್ಲಿನ ಪೋರ್ಟ್ ಆರ್ಥರ್ ಬಂದರನ್ನು ರಷ್ಯವು ಗುತ್ತಿಗೆಗೆ ಪಡೆಯಿತು.

ಒಂಟಿಯಾಗಿ ನಿಂತರೆ ಗೆದ್ದುದೂ ಉಳಿಯದೆಂದು ಅರಿತ ಜಪಾನ್, 1902ರಲ್ಲಿ ಬ್ರಿಟನ್ನಿನೊಡನೆ ಮೈತ್ರಿ ಮಾಡಿಕೊಂಡಿತು. 1904ರಲ್ಲಿ ರಷ್ಯದೊಡನೆ ಯುದ್ಧ ಹೂಡಿ, ಮರುವರ್ಷದ ಮೇ ತಿಂಗಳಲ್ಲಿ ತ್ಸುಷಿಮಾ ಜಲಸಂಧಿಯಲ್ಲಿ ಅದರ ನೌಕಾಬಲವನ್ನು ಧ್ವಂಸಮಾಡಿತು.

ಏಷ್ಯದ ರಾಷ್ಟ್ರವೊಂದು ಯೂರೋಪಿನ ಸಾಮ್ರಾಜ್ಯವನ್ನು ಸೋಲಿಸಿದ ವಾರ್ತೆಯಿಂದ ಭಾರತೀಯರೂ ಹಿಗ್ಗಿದರು. ಆದರೆ ಅದೇ 1905ರ ಆಗಸ್ಟಿನಲ್ಲಿ ನವೀಕೃತವಾದ ಮೈತ್ರಿಯ ಕರಾರನ್ನು ನೋಡೋಣ. ಕೊರಿಯದ ಮೇಲೆ ಜಪಾನಿನ ಹಿಡಿತವನ್ನು ಬ್ರಿಟನ್ ಒಪ್ಪಿತು; ಭಾರತವನ್ನು ತನ್ನ ಸ್ವತ್ತಾಗಿ ಕಾಪಾಡಿಕೊಳ್ಳುವ ಬ್ರಿಟನ್ನಿನ ಹಕ್ಕನ್ನು ಜಪಾನ್ ಒಪ್ಪಿತು. ಕೊರಿಯದವರನ್ನಾಗಲಿ ನಮ್ಮವರನ್ನಾಗಲಿ ಯಾರೂ ಕೇಳಲಿಲ್ಲ. 1910ರಲ್ಲಿ ಕೊರಿಯವು ಪೂರ್ಣವಾಗಿ ಜಪಾನಿನ ವಶವಾಯಿತು. 1945ರವರೆಗೆ ಅದಕ್ಕೆ ಬಿಡುಗಡೆ ದೊರೆಯಲಿಲ್ಲ.

ಆದುದರಿಂದ, ಪ್ರಬಲರು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದವನ್ನೇ ಶಾಂತಿಯೆಂದು ನಾವು ಭ್ರಮಿಸಬಾರದು. ಇಂದು ನಮ್ಮ ದೇಶವೂ ಬಲಗೊಳ್ಳುತ್ತಿದೆ. ನೆರೆಯ ಚಿಕ್ಕ ರಾಷ್ಟ್ರವು ಅದನ್ನು ಕಂಡು ಅಂಜುವುದೋ ಧೈರ್ಯ ತಾಳುವುದೋ ಎಂಬುದೇ ಆ ಬಲಕ್ಕೆ ಒರೆಗಲ್ಲು.