ನಾಗಬನದ ಔಷಧಿ ಸಸ್ಯಗಳು

ಕಾಸರಗೋಡು ಸೀಮೆಯ ಹಳೆಯ ದೇವಾಲಯಗಳಿಗೂ ತರವಾಡು ಮನೆಗಳಿಗೂ ಒಂದೊಂದು ಬನ ಸೇರಿಕೊಂಡಿರುವುದು ವಾಡಿಕೆ. ಕನ್ನಡ, ತುಳು ಆಡುವವರು ಅದನ್ನು ನಾಗಬನವೆನ್ನುವರು. ಮಲೆಯಾಳಿಗಳು ಕಾವು ಎನ್ನುವರು. ಹೆಸರು ಎರಡಾದರೂ ಕಟ್ಟಳೆ ಒಂದೇ: ಅಲ್ಲಿ ಕತ್ತಿಯಾಡಿಸಬಾರದು. ಇದರ ಫಲವಾಗಿ, ಸುತ್ತಲ ಗುಡ್ಡಗಳು ಅಡಿಕೆ, ರಬ್ಬರು ತೋಟಗಳಾದ ಮೇಲೂ ಕೆಲವೇ ಸೆಂಟ್ಸು ನೆಲದಲ್ಲಿ ಹಳೆಯ ಕಾಡಿನ ಗಿಡಬಳ್ಳಿಗಳು ಉಳಿದುಕೊಂಡವು.

ಬನದ ಮರಗಳಲ್ಲಿ ಎಲ್ಲರೂ ಬಲ್ಲುದು ಹಾಲೆ. ಸಂಸ್ಕೃತದಲ್ಲಿ ಸಪ್ತಪರ್ಣ, ತುಳುವಿನಲ್ಲಿ ಪಾಲೆ, ಮಲೆಯಾಳದಲ್ಲಿ ಏಳಿಲಂಪಾಲ. ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುನ್ನ ಇದರ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕರಿಮೆಣಸು, ಬೆಳ್ಳುಳ್ಳಿ, ಓಮ ಕೂಡಿಸಿ ಅರೆದು, ಕಾಸಿದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಬರಿಹೊಟ್ಟೆಯಲ್ಲಿ ಕುಡಿಯುವರು. ಮೇಲೆ ಮೆಂತ್ಯದ ಗಂಜಿ.

ಇಲ್ಲಿ ಒಂದು ಪ್ರಾಣಾಪಾಯವಿದೆ. ಅದೇ ಬನದಲ್ಲಿ ಕಾಸರಕವೂ ಬೆಳೆಯುವುದು, ಮಲೆಯಾಳದ ಕಾಞ್ಞಿರ. ಕಾಸರಗೋಡೆಂಬ ಹೆಸರಿಗೆ ಈ ಮರವೇ ಮೂಲವೆಂದು ಹೇಳುವವರುಂಟು. ಇದರ ಬೀಜ, ತೊಗಟೆಗಳು ಘೋರವಿಷ. ಕತ್ತಲಲ್ಲಿ ಕೈತಪ್ಪಿದರೆ ಕಷಾಯವೇ ಕಾಲಕೂಟವಾದೀತು. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಐದಾರೇಳರಂತೆ ಚಕ್ರಾಕಾರವಾಗಿರುವುವು, ಗೀರಿದರೆ ಬಿಳಿ ಹಾಲು ಒಸರುವುದು. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿ. ಬುಡದಿಂದಲೇ ಮೂರು ಅಥವಾ ಐದು ನರಗಳು ಹೊರಡುವುವು, ಹಾಲಿಲ್ಲ. ಹಿಂದಿನ ದಿನ ಹಗಲಿನಲ್ಲೇ ಮರವನ್ನು ಗುರುತಿಸಿ ದಾರ ಕಟ್ಟಿಡತಕ್ಕದ್ದು. ತೊಗಟೆಯನ್ನು ಒಂದೇ ಮಗ್ಗುಲಲ್ಲಿ ಸಣ್ಣ ಪಟ್ಟಿಯಾಗಿ ತೆಗೆಯಬೇಕು; ಸುತ್ತಲೂ ಸುಲಿದರೆ ಮರ ಒಣಗುವುದು.

ಸರ್ಪಗಂಧಿಯ ಕಥೆ ಬೇರೆ. ಮಲೆಯಾಳದಲ್ಲಿ ಅಮಲ್ಪೊರಿ ಎನಿಸಿದ ಈ ಮೊಣಕಾಲೆತ್ತರದ ಗಿಡ ತಂಪು ನೆರಳಿನಲ್ಲಿ ಬೆಳೆಯುವುದು. ಇದರ ಬೇರು ರಕ್ತದೊತ್ತಡವನ್ನು ಇಳಿಸುವುದೆಂದು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಕೀರ್ತಿಯೇ ಗಿಡಕ್ಕೆ ಮುಳುವಾಯಿತು. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕಷ್ಟೆ! 1990ರಲ್ಲಿ ಇದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿತು.

ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಕಲ್ಲು, ಮರ, ತಾಮ್ರದ ಹೊದಿಕೆಗಳಿಗೆ ಪೈಸೆಪೈಸೆಯ ಲೆಕ್ಕವಿರುವುದು. ಬನದ ಗಿಡಗಳ ಪಟ್ಟಿ ಕಾಣುವುದು ಅಪರೂಪ. ಹಲವೆಡೆ ಬನವನ್ನು ಸವರಿ, ನೆಲಕ್ಕೆ ಕಾಂಕ್ರೀಟು ಹಾಸಿ, ನಾಗನ ಕಟ್ಟೆಯನ್ನು ಬಿಸಿಲಿಗೆ ನಿಲ್ಲಿಸಿದ್ದಾರೆ. ತನು ಎರೆಯುವುದೆಂದರೆ ತಂಪೆರೆಯುವುದು. ತಂಪಿನ ಮರವನ್ನೇ ಕಡಿದು ಎರೆಯುವುದು ಯಾವ ಶಾಸ್ತ್ರವೋ! ಕಟ್ಟೆಯನ್ನು ಕಟ್ಟಲೇಬೇಕಾದರೆ ಕಲ್ಲುಗಳ ಸುತ್ತಷ್ಟೇ ಕಟ್ಟಿ, ಉಳಿದ ನೆಲವನ್ನು ತರಗೆಲೆಗೆ ಬಿಡಬಹುದು. ಸರ್ಪಗಂಧಿಯ ಹಣ್ಣು ಕಪ್ಪಾದಾಗ ಹಿರಿಯರ ಅನುಮತಿ ಪಡೆದು ಕೆಲವು ಬೀಜಗಳನ್ನು ತಂದು, ಮಳೆಗಾಲದ ಆರಂಭದಲ್ಲಿ ಮನೆಯ ಹಿತ್ತಿಲ ನೆರಳಿನಲ್ಲಿ ಬಿತ್ತಬಹುದು. ಎಲ್ಲ ಬೀಜಗಳೂ ಮೊಳೆಯವು. ಆದುದರಿಂದ ಬೇಕಾದುದಕ್ಕಿಂತ ಹೆಚ್ಚಾಗಿ ಬಿತ್ತುವುದು ಲೇಸು.