ಓದು ತಡವರಿಸಿದಾಗ

ಮಕ್ಕಳೇ, ಗೋರಂಟ್ಲದ ಅಂಗಡಿಗಳ ಮೇಲೆ ತೆಲುಗು ಅಕ್ಷರ, ನಿಮ್ಮ ಪುಸ್ತಕದಲ್ಲಿ ಕನ್ನಡ ಅಕ್ಷರ. ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ಮೊದಮೊದಲು ತಪ್ಪಿ ಓದುವುದು ಸಹಜ. ಆದರೆ ನಿಮ್ಮ ಗೆಳೆಯನೊಬ್ಬ ಕಥೆಯನ್ನು ಸೊಗಸಾಗಿ ಹೇಳುತ್ತಾನೆ, ಬಾಯಿಲೆಕ್ಕ ಬೇಗ ಮಾಡುತ್ತಾನೆ. ಪುಸ್ತಕ ಹಿಡಿದರೆ ಮಾತ್ರ, ವರ್ಷಗಳು ಕಳೆದರೂ, ‘ಬೆಕ್ಕು’ ‘ಬೆಕು’ ಆಗುತ್ತದೆ, ‘ಕಿವಿ’ ‘ಕವಿ’ ಆಗುತ್ತದೆ. ಅವನು ಸೋಮಾರಿಯಲ್ಲ, ದಡ್ಡನಂತೂ ಅಲ್ಲ. ಇದು ಡಿಸ್ಲೆಕ್ಸಿಯಾ ಇರಬಹುದು.

ತಿಳಿಯುವುದು ಹೇಗೆ? ಮೊದಲು ಕಣ್ಣು, ಕಿವಿ ಪರೀಕ್ಷಿಸುತ್ತಾರೆ. ಬಳಿಕ ಅವನು ಶಾಲೆಯಲ್ಲಿ ಕಲಿತ ಭಾಷೆಯಲ್ಲೇ ಓದಿಸಿ, ಬರೆಯಿಸಿ ನೋಡುತ್ತಾರೆ. 2015ರಲ್ಲಿ ಬಂದ ‘ಡಾಲಿ’ ಎಂಬ ಪರೀಕ್ಷೆ ಕನ್ನಡದಲ್ಲಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಇಂಥ ಪರೀಕ್ಷೆ ಮಾಡುತ್ತಾರೆ. ಆಮೇಲೆ ಕಲಿಸುವ ರೀತಿಯೇ ಬೇರೆ: ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಸುತ್ತಾ, ಅದರ ಧ್ವನಿಯನ್ನೂ ಹೇಳಿಸುತ್ತಾರೆ.