ಎರಡನೆಯ ಹೆಸರಿನ ಬೆನ್ನು ಹತ್ತು

ಮಗೂ,

‘ದಿ ವಿಚರ್’ ಧಾರಾವಾಹಿ ನೋಡಿ, ಕಂಪ್ಯೂಟರ್ ಆಟವನ್ನೂ ಆಡಿ, ಈಗ ಆ ಕತೆಯ ಪುಸ್ತಕಗಳಿಗೇ ಕೈ ಹಾಕಿದ್ದೀಯ ಎಂದು ಕೇಳಿ ತುಂಬ ಸಂತೋಷವಾಯಿತು. ಇದು ಮುಗಿದ ಮೇಲೆ ಪೋಲೆಂಡಿನವರದ್ದು ಇನ್ನೇನು ಓದಲಿ ಎಂದು ಕೇಳಿದ್ದೀಯ. ಪಟ್ಟಿ ಬರೆದುಕೊಡುವುದು ಸುಲಭ. ಆದರೆ ಪಟ್ಟಿ ಮುಗಿದ ದಿನ ಮತ್ತೆ ಯಾರನ್ನಾದರೂ ಕೇಳಬೇಕಾಗುತ್ತದೆ. ಅದಕ್ಕೇ ಪಟ್ಟಿಗಿಂತ ಹೆಚ್ಚು ಬಾಳಿಕೆ ಬರುವ ಮಾತೊಂದನ್ನು ಹೇಳುತ್ತೇನೆ, ಕೇಳಿಸಿಕೋ. ಪುಸ್ತಕದಲ್ಲಿ ಲೇಖಕರ ಹೆಸರಿನ ಕೆಳಗೆ ಇನ್ನೊಂದು ಹೆಸರು ಇರುತ್ತದಲ್ಲ, ಅನುವಾದಕರದ್ದು, ಅದರ ಬೆನ್ನು ಹತ್ತು. ಪೋಲಿಷ್ ಸಾಹಿತ್ಯದ ಮಟ್ಟಿಗಂತೂ ಆ ಎರಡನೆಯ ಹೆಸರು ನಿನ್ನನ್ನು ಕೈ ಬಿಡುವುದಿಲ್ಲ.

ನಿನ್ನ ಕೈಯಲ್ಲಿರುವ ಪುಸ್ತಕದಿಂದಲೇ ಶುರು ಮಾಡೋಣ. ಅದನ್ನು ಬರೆದ ಆಂಜೆಯ್ ಸಪ್ಕೋವ್ಸ್ಕಿ ವಿದೇಶಿ ವ್ಯಾಪಾರದ ಉದ್ಯೋಗದಲ್ಲಿದ್ದವರು. 1986ರಲ್ಲಿ ‘ಫಂತಾಸ್ತಿಕಾ’ ಎಂಬ ಪತ್ರಿಕೆಯ ಕಥಾಸ್ಪರ್ಧೆಗೆ ಒಂದು ಕತೆ ಕಳಿಸಿದರು, ಮೂರನೆಯ ಬಹುಮಾನ ಬಂತು. ದುಡ್ಡಿಗಾಗಿ ರಾಕ್ಷಸರನ್ನು ಬೇಟೆಯಾಡುವ ನಾಯಕ ಗೆರಾಲ್ಟ್ ಹುಟ್ಟಿದ್ದು ಅಲ್ಲಿ. ಆ ಕತೆ ‘ದಿ ಲಾಸ್ಟ್ ವಿಶ್’ ಸಂಕಲನದಲ್ಲಿದೆ, ನಿಧಾನವಾಗಿ ಓದು. ರಾಜನ ಸತ್ತ ಮಗಳು ರಾಕ್ಷಸಿಯಾಗಿ ರಾತ್ರಿ ಎದ್ದು ಬಂದು ಜನರನ್ನು ಕೊಲ್ಲುತ್ತಿರುತ್ತಾಳೆ. ಗೆರಾಲ್ಟ್‌ ಅವಳನ್ನು ಕೊಂದು ದುಡ್ಡು ಎಣಿಸಿಕೊಂಡು ಹೋಗಬಹುದಿತ್ತು. ಅವನು ಹಾಗೆ ಮಾಡುವುದಿಲ್ಲ. ಕೋಳಿ ಮೂರನೆಯ ಸಲ ಕೂಗುವ ತನಕ ಅವಳು ತನ್ನ ಶವಪೆಟ್ಟಿಗೆಗೆ ಮರಳದಂತೆ ತಡೆದರೆ ಶಾಪ ಕಳೆಯುತ್ತದೆಂದು ಅವನಿಗೆ ಗೊತ್ತು. ತಾನೇ ಆ ಪೆಟ್ಟಿಗೆಯೊಳಗೆ ಮಲಗಿ ಮುಚ್ಚಳ ಎಳೆದುಕೊಳ್ಳುತ್ತಾನೆ. ಅಜ್ಜಿಕತೆಯ ಸಾಮಗ್ರಿಯೇ, ಆದರೆ ಕೇಳುವ ಪ್ರಶ್ನೆ ದೊಡ್ಡವರದ್ದು: ಯಾರು ರಾಕ್ಷಸರು, ಹಾಗೆಂದು ತೀರ್ಮಾನಿಸುವ ಹಕ್ಕು ಯಾರದ್ದು?

ಓದುವ ಕ್ರಮದ ಬಗ್ಗೆ ಒಂದು ಎಚ್ಚರಿಕೆ. ‘ದಿ ಲಾಸ್ಟ್ ವಿಶ್’ ಇಂಗ್ಲಿಷಿಗೆ ಬಂದದ್ದು 2007ರಲ್ಲಿ. ಅದರ ಬೆನ್ನಲ್ಲೇ ‘ಬ್ಲಡ್ ಆಫ್ ಎಲ್ವ್ಸ್’ ಕಾದಂಬರಿ ಬಂತು. ಇವೆರಡರ ನಡುವೆ ಓದಬೇಕಾದ ‘ಸೋರ್ಡ್ ಆಫ್ ಡೆಸ್ಟಿನಿ’ ಕತೆಗಳು ಇಂಗ್ಲಿಷಿನಲ್ಲಿ ಪುಸ್ತಕವಾಗಿದ್ದು 2015ರಲ್ಲಿ. ಗೆರಾಲ್ಟ್ ಮತ್ತು ಸಿರಿ ಎಂಬ ಹುಡುಗಿ ಮೊದಲು ಭೇಟಿಯಾಗುವುದು ಆ ಕತೆಗಳಲ್ಲೇ. ಹಾಗಾಗಿ ಎಷ್ಟೋ ಇಂಗ್ಲಿಷ್ ಓದುಗರು ಅವರಿಬ್ಬರ ನಂಟಿನ ಬೇರು ಗೊತ್ತಿಲ್ಲದೆ ಕಾದಂಬರಿಯ ಒಳಗೆ ಹೋದರು. ನಿನಗೆ ಆ ಕಷ್ಟ ಬೇಡ. ಎರಡು ಕಥಾಸಂಕಲನ ಮೊದಲು, ಆಮೇಲೆ ಐದು ಕಾದಂಬರಿ. ಮಧ್ಯದಲ್ಲಿ ಅನುವಾದಕರೂ ಬದಲಾಗುತ್ತಾರೆ: ಇಂಗ್ಲಿಷಿನಲ್ಲಿ ಮೊದಲು ಬಂದ ಆ ಎರಡು ಪುಸ್ತಕಗಳು ಡನುಷಾ ಸ್ಟಾಕ್ ಅವರವು, ಮಿಕ್ಕವು ಡೇವಿಡ್ ಫ್ರೆಂಚ್ ಅವರವು. ಮಾತಿನ ಧಾಟಿ ಸ್ವಲ್ಪ ಬೇರೆ ಅನ್ನಿಸಿದರೆ ಅದಕ್ಕೆ ಕಾರಣ ಇದು.

ಈಗ ಡನುಷಾ ಸ್ಟಾಕ್ ಹೆಸರನ್ನು ಹಿಡಿದು ಹೊರಡು. ‘ದಿ ಲಾಸ್ಟ್ ವಿಶ್’ ಬಂದ ಮರುವರ್ಷ, 2008ರಲ್ಲಿ, ಅವರದೇ ಅನುವಾದದಲ್ಲಿ ‘ಡೆತ್ ಇನ್ ಬ್ರೆಸ್ಲಾವ್’ ಎಂಬ ಪತ್ತೇದಾರಿ ಕಾದಂಬರಿ ಬಂತು. ಬರೆದವರು ಮಾರೆಕ್ ಕ್ರಾಯೆವ್ಸ್ಕಿ, ಲ್ಯಾಟಿನ್ ಭಾಷೆಯ ವಿದ್ವಾಂಸರು. ಕಾಲ 1933, ನಾಜಿಗಳು ಅಧಿಕಾರಕ್ಕೆ ಬಂದ ವರ್ಷ. ಬ್ಯಾರನ್ ಒಬ್ಬನ ಮಗಳ ಕೊಲೆಯಾಗಿದೆ, ತನಿಖೆ ಎಬರ್ಹಾರ್ಡ್ ಮಾಕ್ ಎಂಬ ಪೊಲೀಸ್ ಅಧಿಕಾರಿಯದ್ದು. ಮಾಕ್ ಒಳ್ಳೆಯ ಮನುಷ್ಯನೇನಲ್ಲ. ರಕ್ತ, ಹಿಂಸೆ, ಹೊಲಸು ಧಾರಾಳವಾಗಿವೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ತೆರೆ.

ಈ ಪುಸ್ತಕ ಓದುವಾಗ ಭೂಪಟ ಪಕ್ಕದಲ್ಲಿಟ್ಟುಕೊಂಡರೆ ಆಗುವ ಲಾಭ ಹೇಳುತ್ತೇನೆ. ಬ್ರೆಸ್ಲಾವ್ ಎಂಬ ಊರು ಇಂದಿನ ಭೂಪಟದಲ್ಲಿಲ್ಲ. ಅದು ಜರ್ಮನರ ನಗರವಾಗಿತ್ತು. 1945ರಲ್ಲಿ ಯುದ್ಧ ಮುಗಿದಾಗ ಗಡಿಗಳು ಪಶ್ಚಿಮಕ್ಕೆ ಸರಿದವು, ನಗರ ಪೋಲೆಂಡಿಗೆ ಸೇರಿ ವ್ರೊತ್ಸ್ವಾಫ್ ಆಯಿತು. ಅಲ್ಲಿದ್ದ ಜರ್ಮನರನ್ನು ಹೊರಗೆ ಕಳಿಸಿದರು. ಪೂರ್ವದಲ್ಲಿ ಪೋಲೆಂಡ್ ಕಳೆದುಕೊಂಡ ಲ್ವೂಫ್‌ನಂಥ ಊರುಗಳ ಜನ ಬಂದು ಆ ಖಾಲಿ ಮನೆಗಳಲ್ಲಿ ಸಂಸಾರ ಹೂಡಿದರು. ಲ್ವೂಫ್ ಇಂದು ಉಕ್ರೇನಿನ ಲ್ವಿವ್. ಕ್ರಾಯೆವ್ಸ್ಕಿ ಅದೇ ವ್ರೊತ್ಸ್ವಾಫ್‌ನಲ್ಲಿ ಹುಟ್ಟಿದವರು. ತಮ್ಮ ಊರಿನ ಹಳೆಯ ಜರ್ಮನ್ ಬೀದಿಗಳನ್ನು, ಹೋಟೆಲುಗಳನ್ನು, ಅಡುಗೆ ತಿಂಡಿಗಳನ್ನು ಒಂದೊಂದಾಗಿ ಹೆಸರಿಟ್ಟು ಬರೆಯುತ್ತಾರೆ. ‘ನಮಗಿಂತ ಮುಂಚೆ ಈ ಮನೆಯಲ್ಲಿ ಯಾರಿದ್ದರು?’ ಎಂಬ ಪ್ರಶ್ನೆಯನ್ನು ಕೊಲೆಯ ತನಿಖೆಯ ನೆಪದಲ್ಲಿ ಕೇಳುತ್ತಾರೆ. ಪೋಲಿಷ್ ಕತೆಗಳಲ್ಲಿ ಈ ಪ್ರಶ್ನೆ ನಿನಗೆ ಮತ್ತೆ ಮತ್ತೆ ಎದುರಾಗುತ್ತದೆ. ಅದು ಸಿಕ್ಕಿದಾಗಲೆಲ್ಲ ಓದಿನ ವೇಗ ಕಡಿಮೆ ಮಾಡು.

ಇನ್ನೊಂದು ಹೆಸರು ಕೊಡುತ್ತೇನೆ, ಆಂಟೋನಿಯಾ ಲಾಯ್ಡ್-ಜೋನ್ಸ್. ಪೋಲಿಷ್ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರಲ್ಲಿ ಇವರ ಋಣ ದೊಡ್ಡದು. ಇವರಿಂದ ಮೊದಲು ಜಿಗ್ಮುಂಟ್ ಮಿವೊಶೆವ್ಸ್ಕಿಯ ಮೂರು ಕಾದಂಬರಿಗಳನ್ನು ಓದು: ‘ಎಂಟ್ಯಾಂಗಲ್‌ಮೆಂಟ್’, ‘ಎ ಗ್ರೇನ್ ಆಫ್ ಟ್ರುತ್’, ‘ರೇಜ್’. ನಾಯಕ ಟೆಯೊದೊರ್ ಶಾಟ್ಸ್ಕಿ ಪೊಲೀಸನಲ್ಲ, ಸರ್ಕಾರಿ ಅಭಿಯೋಜಕ. ಪೋಲೆಂಡಿನಲ್ಲಿ ಕೊಲೆಯಂಥ ಪ್ರಕರಣಗಳ ತನಿಖೆಯನ್ನು ನಡೆಸುವುದು ಅಭಿಯೋಜಕರು. ಪೊಲೀಸರು ಅವರ ಕೈಕೆಳಗೆ ಕೆಲಸ ಮಾಡುತ್ತಾರೆ. ಈ ವ್ಯವಸ್ಥೆ ಗೊತ್ತಿದ್ದರೆ ಕತೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ಅಧ್ಯಾಯಗಳು ಆ ದಿನದ ಸುದ್ದಿಯ ಸಾರಾಂಶದೊಂದಿಗೆ ಶುರುವಾಗುತ್ತವೆ. ಅದನ್ನು ಹಾರಿಸಬೇಡ, ಒಂದು ದೇಶದ ದಿನಚರಿ ಅಲ್ಲಿದೆ.

ಮೂರರಲ್ಲಿ ನನ್ನ ಆಯ್ಕೆ ಎರಡನೆಯದು, ‘ಎ ಗ್ರೇನ್ ಆಫ್ ಟ್ರುತ್’. ಜಾಗ ಸಾಂಡೊಮಿಯೆಷ್, ನದಿಯ ದಂಡೆಯ ಗುಡ್ಡದ ಮೇಲಿನ ಚೆಂದದ ಹಳೆಯ ಪಟ್ಟಣ. ಅಲ್ಲಿನ ಪ್ರಧಾನ ಚರ್ಚಿನಲ್ಲಿ 18ನೇ ಶತಮಾನದ ಒಂದು ಚಿತ್ರವಿದೆ. ಯೆಹೂದಿಗಳು ಕ್ರೈಸ್ತ ಮಕ್ಕಳನ್ನು ರಕ್ತಕ್ಕಾಗಿ ಕೊಲ್ಲುತ್ತಾರೆಂಬ ಘೋರ ಸುಳ್ಳನ್ನು ಕಣ್ಣಿಗೆ ಕಟ್ಟುವಂತೆ ಬಿಡಿಸಿದ ಚಿತ್ರ. ಚಿತ್ರ ನಿಜವಾಗಿಯೂ ಇದೆ. ಕೆಲವು ವರ್ಷ ಅದರ ಮೇಲೆ ಪರದೆ ಇಳಿಬಿಟ್ಟಿದ್ದರು. ಕಾದಂಬರಿಯಲ್ಲಿ ಆ ಊರಿನ ಹಳೆಯ ಯೆಹೂದಿ ಮಂದಿರದ ಬಳಿ ಹೆಂಗಸೊಬ್ಬಳ ಶವ ಸಿಗುತ್ತದೆ, ಪ್ರಾಣಿವಧೆಗೆ ಬಳಸುವ ಚೂರಿಯೂ ಸಿಗುತ್ತದೆ. ಯುದ್ಧಕ್ಕೆ ಮುಂಚೆ ಆ ಪಟ್ಟಣದಲ್ಲಿ ದೊಡ್ಡ ಯೆಹೂದಿ ಸಮುದಾಯವಿತ್ತು, ನಾಜಿಗಳು ಅದನ್ನು ನಿರ್ಮೂಲ ಮಾಡಿದರು. ಜನ ಹೋದರೂ ಅವರ ಮೇಲಿನ ಗುಮಾನಿ ಮಾತ್ರ ಊರಿನಲ್ಲಿ ಹೇಗೆ ಉಳಿದುಕೊಂಡಿದೆ, ಅದು ಸುದ್ದಿವಾಹಿನಿಗಳ ಬಾಯಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಮಿವೊಶೆವ್ಸ್ಕಿ ತೋರಿಸುತ್ತಾರೆ. ಪತ್ತೇದಾರಿ ಎಂದರೆ ಬಸ್ಸಿನಲ್ಲಿ ಹೊತ್ತು ಕಳೆಯುವ ಪುಸ್ತಕ ಎಂದು ಯಾರಾದರೂ ಅಂದರೆ ನಂಬಬೇಡ. ತನ್ನ ಸಮಾಜವನ್ನು ಕಟಕಟೆಯಲ್ಲಿ ನಿಲ್ಲಿಸುವ ಧೈರ್ಯ ಈ ಪುಸ್ತಕಕ್ಕಿದೆ.

ಅದೇ ಅನುವಾದಕಿಯ ಕೈ ಹಿಡಿದು ಇನ್ನೊಂದು ಹೆಜ್ಜೆ ಇಟ್ಟರೆ ಓಲ್ಗಾ ಟೊಕಾರ್ಚುಕ್ ಸಿಗುತ್ತಾರೆ. 2018ರ ನೊಬೆಲ್ ಅವರದ್ದು, ಘೋಷಣೆಯಾದದ್ದು 2019ರಲ್ಲಿ. ನೊಬೆಲ್ ಎಂದ ಕೂಡಲೆ ಹಿಂದೆ ಸರಿಯಬೇಡ. ‘ಡ್ರೈವ್ ಯುವರ್ ಪ್ಲೌ ಓವರ್ ದಿ ಬೋನ್ಸ್ ಆಫ್ ದಿ ಡೆಡ್’ ಕೊಲೆಯ ಕತೆಯೇ. ಜೆಕ್ ಗಡಿಯ ಪಕ್ಕದ ಪುಟ್ಟ ಹಳ್ಳಿ, ಚಳಿಗಾಲ. ಯಾನಿನಾ ದುಶೆಯ್ಕೊ ಎಂಬ ವಯಸ್ಸಾದ ಹೆಂಗಸು ಕತೆ ಹೇಳುತ್ತಾಳೆ. ಒಂದು ಕಾಲಕ್ಕೆ ಸೇತುವೆ ಕಟ್ಟುವ ಇಂಜಿನಿಯರ್ ಆಗಿದ್ದವಳು. ಈಗ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ, ಜಾತಕ ನೋಡುತ್ತಾಳೆ, ಕವಿ ಬ್ಲೇಕ್‌ನನ್ನು ಅನುವಾದ ಮಾಡುತ್ತಿರುವ ಹುಡುಗನಿಗೆ ನೆರವಾಗುತ್ತಾಳೆ. ಒಂದು ರಾತ್ರಿ ನೆರೆಯವನು ಜಿಂಕೆಯ ಎಲುಬು ಗಂಟಲಿಗೆ ಸಿಕ್ಕಿ ಸತ್ತಿರುತ್ತಾನೆ. ಪೊಲೀಸರಿಗೆ ಫೋನ್ ಮಾಡಲು ಹೋದರೆ ಮೊಬೈಲ್ ಸಿಗ್ನಲ್ ಗಡಿ ದಾಟಿ ಜೆಕ್ ಕಡೆಗೆ ಹೋಗಿಬಿಡುತ್ತದೆ. ಮುಂದೆ ಬೇಟೆಗಾರರು ಒಬ್ಬೊಬ್ಬರಾಗಿ ಸಾಯುತ್ತಾರೆ. ಪ್ರಾಣಿಗಳೇ ಸೇಡು ತೀರಿಸಿಕೊಳ್ಳುತ್ತಿವೆ ಎನ್ನುವ ದುಶೆಯ್ಕೊಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ವಯಸ್ಸಾದ ಒಂಟಿ ಹೆಂಗಸಿನ ಮಾತಿಗೆ ಕಚೇರಿಗಳಲ್ಲಿ ಎಷ್ಟು ಬೆಲೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪುಸ್ತಕ ಅಪರೂಪ. ಕೊಲೆಗಾರರು ಯಾರೆಂದು ಮೊದಲೇ ಹುಡುಕಿ ತಿಳಿದುಕೊಳ್ಳಬೇಡ.

ಆಮೇಲೆ ‘ಹೌಸ್ ಆಫ್ ಡೇ, ಹೌಸ್ ಆಫ್ ನೈಟ್’ ಓದು. ಅದರಲ್ಲಿ ಒಬ್ಬ ಮುದಿ ಜರ್ಮನ್ ತಾನು ಹುಟ್ಟಿದ ಊರನ್ನು ನೋಡಲು ಬಂದು, ಬೆಟ್ಟ ಹತ್ತಿ, ಸರಿಯಾಗಿ ಗಡಿಯ ಮೇಲೆಯೇ ಸಾಯುತ್ತಾನೆ. ಒಂದು ಕಾಲು ಪೋಲೆಂಡಿನಲ್ಲಿ, ಇನ್ನೊಂದು ಆಚೆ. ಒಂದು ಕಡೆಯ ಕಾವಲುಗಾರರು ನಮಗೇಕೆ ರಗಳೆ ಎಂದು ಶವವನ್ನು ಆಚೆ ಸರಿಸುತ್ತಾರೆ. ಆ ಕಡೆಯವರು ಬಂದು ಈಚೆ ಸರಿಸುತ್ತಾರೆ. ಕೆಲವೇ ಪುಟ. ಕ್ರಾಯೆವ್ಸ್ಕಿಯ ಪತ್ತೇದಾರಿಯಲ್ಲಿ ಕೇಳಿದ ಪ್ರಶ್ನೆಯೇ ಇಲ್ಲಿ ಮತ್ತೆ ಬಂದಿದೆ. ಜನಪ್ರಿಯ ಸಾಹಿತ್ಯ, ಗಂಭೀರ ಸಾಹಿತ್ಯ ಎಂಬ ಬೇಲಿ ಎಷ್ಟು ಸಡಿಲವೆಂದು ನಿನಗೇ ಗೊತ್ತಾಗುತ್ತದೆ.

ಅನುವಾದ ನೋಡಿ ಪುಸ್ತಕ ಆರಿಸು ಎಂದು ನಾನು ಒತ್ತಿ ಹೇಳಲು ದೊಡ್ಡ ಕಾರಣ ಸ್ಟಾನಿಸ್ವಾವ್ ಲೆಮ್. ಲ್ವೂಫ್‌ನಲ್ಲಿ 1921ರಲ್ಲಿ ಹುಟ್ಟಿದ ಯೆಹೂದಿ ಮನೆತನದ ಹುಡುಗ. ನಾಜಿಗಳ ಕಾಲದಲ್ಲಿ ಸುಳ್ಳು ದಾಖಲೆಗಳ ಆಸರೆಯಲ್ಲಿ ಜೀವ ಉಳಿಸಿಕೊಂಡು, ಯುದ್ಧದ ನಂತರ ಊರು ಬಿಟ್ಟು ಕ್ರಾಕುಫ್‌ಗೆ ಬಂದವರು. 1961ರ ಅವರ ‘ಸೊಲಾರಿಸ್’ ವಿಜ್ಞಾನ ಕಾದಂಬರಿಗಳ ಸಾಲಿನಲ್ಲಿ ಬಹಳ ಎತ್ತರದ್ದು. ಆದರೆ 1970ರಲ್ಲಿ ಬಂದ ಅದರ ಇಂಗ್ಲಿಷ್ ಪಠ್ಯ ಪೋಲಿಷ್‌ನಿಂದ ಬಂದದ್ದಲ್ಲ, ಫ್ರೆಂಚ್ ಅನುವಾದದ ಅನುವಾದ. ಇಂಗ್ಲಿಷ್ ಚೆನ್ನಾಗಿ ಓದಬಲ್ಲ ಲೆಮ್‌ಗೆ ಅದರ ಬಗ್ಗೆ ಸಮಾಧಾನ ಇರಲಿಲ್ಲ. ಬಿಲ್ ಜಾನ್‌ಸ್ಟನ್ ನೇರವಾಗಿ ಮಾಡಿದ ಅನುವಾದ 2011ರಲ್ಲಿ ಮೊದಲು ಆಡಿಯೊ ಪುಸ್ತಕವಾಗಿ, ಆಮೇಲೆ ಇ-ಪುಸ್ತಕವಾಗಿ ಹೊರಬಂತು. ಲೆಮ್ 2006ರಲ್ಲೇ ತೀರಿಕೊಂಡಿದ್ದರು. ನಿನ್ನ ಕೈಗೆ ಯಾವುದು ಬಂದಿದೆ ಎಂದು ಗುರುತಿಸುವುದು ಸುಲಭ: ನಾಯಕನ ಸತ್ತ ಹೆಂಡತಿಯ ಹೆಸರು ರೇಯಾ ಎಂದಿದ್ದರೆ ಹಳೆಯದು, ಹಾರೇ ಎಂದಿದ್ದರೆ ಹೊಸದು. ಹೊಸದನ್ನೇ ಓದು, ಅಥವಾ ಕೇಳು.

ಲೆಮ್ ಪತ್ತೇದಾರಿಯನ್ನೂ ಬರೆದಿದ್ದಾರೆ. 1959ರ ‘ದಿ ಇನ್ವೆಸ್ಟಿಗೇಷನ್‌’ನಲ್ಲಿ ಇಂಗ್ಲೆಂಡಿನ ಶವಾಗಾರಗಳಲ್ಲಿ ಹೆಣಗಳು ಅಲುಗಾಡುತ್ತವೆ, ಮಾಯವಾಗುತ್ತವೆ, ಸ್ಕಾಟ್‌ಲೆಂಡ್ ಯಾರ್ಡ್ ತಲೆ ಕೆಡಿಸಿಕೊಳ್ಳುತ್ತದೆ. ಅಪರಾಧಿ ಇದ್ದಾನೋ ಇಲ್ಲವೋ ಎಂಬುದೇ ಅಲ್ಲಿನ ಪ್ರಶ್ನೆ. ನಗಬೇಕೆನ್ನಿಸಿದರೆ ‘ದಿ ಸೈಬೀರಿಯಾಡ್’ ತೆಗೆದುಕೋ. ಮಾತಿನ ಆಟವೇ ಉಸಿರಾದ ಈ ರೋಬಾಟ್ ಕತೆಗಳನ್ನು ಮೈಕಲ್ ಕ್ಯಾಂಡೆಲ್ 1974ರಲ್ಲಿ ಇಂಗ್ಲಿಷಿಗೆ ತಂದ ರೀತಿ ಅನುವಾದ ಕಲಿಯುವವರಿಗೆ ಒಂದು ಪಾಠಶಾಲೆ. ಇನ್ನು ಜಾನ್‌ಸ್ಟನ್ ಹೆಸರಿನ ಜಾಡು ಹಿಡಿದರೆ ವೀಸ್ವಾವ್ ಮಿಶ್ಲಿವ್ಸ್ಕಿಯ ‘ಸ್ಟೋನ್ ಅಪಾನ್ ಸ್ಟೋನ್’ ಸಿಗುತ್ತದೆ. ತನ್ನ ಕುಟುಂಬಕ್ಕಾಗಿ ಸಮಾಧಿ ಕಟ್ಟಿಸಲು ಹೊರಟ ರೈತನೊಬ್ಬ ತನ್ನ ಇಡೀ ಬದುಕನ್ನು ಹೇಳಿಕೊಳ್ಳುವ ಕತೆ. ಹೊಲಮನೆ ಬಲ್ಲ ನಮ್ಮವರಿಗೆ ಇದು ಪರಕೀಯ ಅನ್ನಿಸುವುದಿಲ್ಲ.

ಟೊಕಾರ್ಚುಕ್ ಅವರ ಇನ್ನೊಬ್ಬ ಅನುವಾದಕಿ ಜೆನ್ನಿಫರ್ ಕ್ರಾಫ್ಟ್. ‘ಫ್ಲೈಟ್ಸ್‌’ಗೆ 2018ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಬಹುಮಾನವನ್ನು ಇಬ್ಬರಿಗೂ ಸಮನಾಗಿ ಹಂಚಿದರು. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್‌’ಗೆ ಪಡೆದದ್ದು ಇದೇ ಪ್ರಶಸ್ತಿ, ಹಂಚಿಕೆಯೂ ಹೀಗೆಯೇ. ನಮ್ಮ ಕತೆಗಳು ಲಂಡನ್ನಿಗೆ ಹೋದದ್ದು ದೀಪಾ ಅವರ ದುಡಿಮೆಯಿಂದ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪೋಲೆಂಡಿನ ಕತೆಗಳನ್ನು ನಮ್ಮ ಮನೆಗೆ ತಲುಪಿಸಿದವರಿಗೂ ಆ ಮರ್ಯಾದೆ ಸಲ್ಲಬೇಕು. ಮುಖಪುಟದಲ್ಲಿ ಅನುವಾದಕರ ಹೆಸರು ಹಾಕದ ಪುಸ್ತಕವನ್ನು ಇನ್ನು ಅನುವಾದಿಸುವುದಿಲ್ಲ ಎಂದು ಕ್ರಾಫ್ಟ್ 2021ರಲ್ಲಿ ಬಹಿರಂಗವಾಗಿ ಹೇಳಿದರು. ಅವರದೇ ಅನುವಾದದ ‘ದಿ ಬುಕ್ಸ್ ಆಫ್ ಜೇಕಬ್’ 900ಕ್ಕೂ ಹೆಚ್ಚು ಪುಟಗಳ ಮಹಾಗ್ರಂಥ. ಅದನ್ನು ಮೊದಲಿಗೇ ಎತ್ತಿಕೊಂಡು ಸೋತು ಕೂರಬೇಡ. ಮಿಕ್ಕದ್ದೆಲ್ಲ ಓದಿ, ಆ ನೆಲದ ಪರಿಚಯವಾದ ಮೇಲೆ ಅದು ತಾನಾಗಿ ತೆರೆದುಕೊಳ್ಳುತ್ತದೆ.

ಕೊನೆಯದಾಗಿ, ನಿನ್ನ ಸ್ವಭಾವ ಬಲ್ಲೆನಾದ್ದರಿಂದ ಇದನ್ನೂ ಹೇಳಬೇಕು. ಇಂದಲ್ಲ ನಾಳೆ ಇವುಗಳಲ್ಲಿ ಒಂದನ್ನಾದರೂ ಕನ್ನಡಕ್ಕೆ ತರಬೇಕೆಂದು ನಿನಗೆ ಅನ್ನಿಸುತ್ತದೆ. ಖಂಡಿತ ತಾ. ಪೋಲಿಷ್ ಬಾರದಿದ್ದರೆ ಇಂಗ್ಲಿಷಿನಿಂದಲೇ ತಾ, ತಪ್ಪಿಲ್ಲ. ನಮ್ಮಲ್ಲಿ ರಷ್ಯನ್, ಫ್ರೆಂಚ್ ಕೃತಿಗಳು ಬಹುಮಟ್ಟಿಗೆ ಬಂದದ್ದು ಹಾಗೆಯೇ. ಆದರೆ ಯಾರ ಇಂಗ್ಲಿಷ್ ಅನುವಾದವನ್ನು ಆಧರಿಸಿದೆ ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿಸು. ಮೂಲ ಲೇಖಕರ ಒಪ್ಪಿಗೆಯ ಜೊತೆಗೆ ಆ ಅನುವಾದದ ಹಕ್ಕುದಾರರ ಒಪ್ಪಿಗೆಯನ್ನೂ ಪಡೆ. ಕ್ರಾಕುಫ್‌ನಲ್ಲಿರುವ ಪೋಲಿಷ್ ಪುಸ್ತಕ ಸಂಸ್ಥೆ ತನ್ನ ದೇಶದ ಸಾಹಿತ್ಯವನ್ನು ಹೊರದೇಶದ ಭಾಷೆಗಳಲ್ಲಿ ಪ್ರಕಟಿಸುವವರಿಗೆ ಧನಸಹಾಯ ಕೊಡುತ್ತದೆ. ನಿನ್ನ ಪ್ರಕಾಶಕರಿಗೆ ಆ ವಿಷಯ ತಿಳಿಸು. ಆಸೆ ಇನ್ನೂ ಬಲವಾದರೆ ಪೋಲಿಷ್ ಕಲಿ. ನಿನ್ನ ವಯಸ್ಸಿನಲ್ಲಿ ಹೊಸ ಭಾಷೆಯೊಂದಕ್ಕೆ ಕೆಲವು ವರ್ಷ ಕೊಟ್ಟರೆ ನಷ್ಟವೇನೂ ಇಲ್ಲ, ಬಂದ ಫಲ ಜೀವನವಿಡೀ ನಿಲ್ಲುತ್ತದೆ. ಲೆಮ್ ಅವರಿಗೆ ತಮ್ಮ ‘ಸೊಲಾರಿಸ್’ ಇಂಗ್ಲಿಷಿಗೆ ನೇರವಾಗಿ ಬಂದದ್ದನ್ನು ನೋಡಲಾಗಲಿಲ್ಲ. ಇಂದು ಬರೆಯುತ್ತಿರುವ ಪೋಲಿಷ್ ಲೇಖಕರೊಬ್ಬರು ತಮ್ಮ ಪುಸ್ತಕ ಕನ್ನಡಕ್ಕೆ ನೇರವಾಗಿ ಬಂದದ್ದನ್ನು ಕಣ್ಣಾರೆ ಕಾಣುವಂತಾಗಲಿ, ಆ ಎರಡನೆಯ ಹೆಸರು ನಿನ್ನದಾಗಲಿ ಎಂದು ಹಾರೈಸುತ್ತೇನೆ.